ಆಣೆಯ ಕೊನೆಯ ಸಾಲು

ನನ್ನ ಇಪ್ಪತ್ತಮೂರು ವರ್ಷದ ಮಗ ದಿನಾ ಬೆಳಿಗ್ಗೆ ಎಂಟೂ ಮುಕ್ಕಾಲರ ಬಸ್ಸಿನಲ್ಲಿ ಕಾಸರಗೋಡಿಗೆ ಹೋಗಿ ಸಂಜೆ ಐದರ ಹೊತ್ತಿಗೆ ಮರಳುತ್ತಿದ್ದದ್ದು ಕೆಲಸಕ್ಕಲ್ಲ, ಓದಿಗಲ್ಲ. ಮಾದಕ ಪುಡಿಯ ಚಟ ಬಿಡಿಸುವ ಚಿಕಿತ್ಸೆಗೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಯಾಕೆಂದರೆ ಮೊದಲ ಎರಡು ಮೂರು ವಾರ ಈ ಮಾತು ಹೇಳಲು ನಾಲಿಗೆ ಏಳದೆ ನಾನು ಊರಿಡೀ ಸುಳ್ಳು ಹಂಚಿದ್ದೇನೆ. "ಮಗ ಎಲ್ಲಿಗೆ ದಿನಾ?" ಎಂದು ಕೇಳಿದವರಿಗೆಲ್ಲ "ಪಿ.ಎಸ್.ಸಿ. ಕೋಚಿಂಗಿಗೆ" ಎನ್ನುತ್ತಿದ್ದೆ. ಕೇರಳದಲ್ಲಿ ಇದಕ್ಕಿಂತ ಗಟ್ಟಿಯಾದ ಸುಳ್ಳು ಇನ್ನೊಂದಿಲ್ಲ. ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವನನ್ನು ಯಾರೂ ಹೆಚ್ಚು ವಿಚಾರಿಸುವುದಿಲ್ಲ. ಐದು ವರ್ಷ ಓದಿದರೂ ವಿಚಾರಿಸುವುದಿಲ್ಲ.

ಸುಳ್ಳು ಹೇಳುವುದು ನನಗೆ ಒಗ್ಗುವ ಕೆಲಸವಲ್ಲ. ಜನರಿಂದ ಸತ್ಯ ಬರೆಸುವುದೇ ನನ್ನ ಹೊಟ್ಟೆಪಾಡು. ಕುಂಬಳೆ ಪೇಟೆಯಲ್ಲಿ ನನಗೊಂದು ಸಣ್ಣ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಬೆರಳ ಗುರುತು ತೆಗೆಯುವ ಸಣ್ಣ ಯಂತ್ರ, ಕಾಯುವವರಿಗೆ ಎರಡು ಬೆಂಚು. ಪಂಚಾಯತಿಗೆ, ವಿಲೇಜ್ ಆಫೀಸಿಗೆ, ತಾಲೂಕು ಕಚೇರಿಗೆ ಹೋಗುವ ಅರ್ಜಿಗಳನ್ನು ತುಂಬಿಸಿ ಕೊಡುತ್ತೇನೆ. ನಮ್ಮ ಕಡೆಯ ಹಳಬರಿಗೆ ಕನ್ನಡ ಓದಲು ಬರುತ್ತದೆ, ಅರ್ಜಿ ಇರುವುದು ಮಲಯಾಳದಲ್ಲಿ. ಅವರು ತುಳುವಿನಲ್ಲಿ ಹೇಳುತ್ತಾರೆ, ನಾನು ಮಲಯಾಳದಲ್ಲಿ ಬರೆಯುತ್ತೇನೆ, ಕನ್ನಡದಲ್ಲಿ ಓದಿ ಹೇಳಿ ಸಹಿ ಹಾಕಿಸುತ್ತೇನೆ. ಅಫಿಡವಿಟ್ಟಿಗೆ ಇಲ್ಲಿ ಸತ್ಯವಾಙ್ಮೂಲ ಎನ್ನುತ್ತಾರೆ. ಅದರ ಕೊನೆಯಲ್ಲಿ ಯಾವಾಗಲೂ ಒಂದು ಸಾಲು ಇರಬೇಕು: ಮೇಲೆ ಹೇಳಿದ್ದು ಸುಳ್ಳೆಂದು ಕಂಡುಬಂದರೆ ಅದರಿಂದ ಬರುವ ಶಿಕ್ಷೆಗೆ ನಾನೇ ಹೊಣೆ. ಆ ಸಾಲು ಇಲ್ಲದ ಕಾಗದವನ್ನು ಕಚೇರಿಯವರು ಮುಟ್ಟುವುದಿಲ್ಲ. ಹದಿನಾರು ವರ್ಷಗಳಿಂದ ಆ ಸಾಲನ್ನು ಬರೆದು ಬರೆದು, ಅದಿಲ್ಲದ ಮಾತು ಮಾತೇ ಅಲ್ಲ ಎಂದು ನನಗೂ ಅನಿಸತೊಡಗಿತ್ತು. ನಾನು ಮಾಡಿದ ತಪ್ಪು ಅಲ್ಲಿಂದಲೇ ಬಂದದ್ದು.

ಮಗನ ಚಟ ನನಗೆ ಮೊದಲ ಸಲ ಗೊತ್ತಾದದ್ದು ಕಳೆದ ವರ್ಷದ ಕೊನೆಗೆ. ಉಪ್ಪಳದ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಮೊದಲು ಗಾಂಜಾ, ಆಮೇಲೆ ಪುಡಿ. ಮೂರು ವಾರ ಆಸ್ಪತ್ರೆಯಲ್ಲಿಟ್ಟು ಕರೆದುಕೊಂಡು ಬಂದೆವು. ಬಂದೆವು ಎಂದರೆ ನಾನೇ. ಗಂಡ ಮಸ್ಕತ್ತಿನಲ್ಲಿ ಬೇಕರಿಯ ಕೆಲಸದಲ್ಲಿದ್ದಾರೆ, ಎರಡು ವರ್ಷಕ್ಕೊಮ್ಮೆ ಬರುತ್ತಾರೆ. ಮಗನ ಸುದ್ದಿ ಎತ್ತಿದರೆ ಫೋನಿನಲ್ಲಿ ಅಳುತ್ತಾರೆ. ಅವರನ್ನು ಸಮಾಧಾನ ಮಾಡುವ ಕೆಲಸವೂ ನನ್ನದೇ.

ಮಗ ದುಂಡಗಾಗಿ, ಕಣ್ಣಲ್ಲಿ ಬೆಳಕು ತುಂಬಿಕೊಂಡು ಮನೆಗೆ ಬಂದ. ಬಂದ ವಾರವೇ ಅಣ್ಣ ಫೋನ್ ಮಾಡಿದರು. ಅಣ್ಣ ಎಂದರೆ ನನ್ನ ಸ್ವಂತ ಅಣ್ಣ, ಮೀಂಜದಲ್ಲಿರುವ ನಮ್ಮ ತರವಾಡಿನ ಯಜಮಾನ. ತಾಯಿಯ ಕಡೆಯ ಕುಟುಂಬಕ್ಕೆಲ್ಲ ಅದು ಮೂಲ ಮನೆ. ದೈವದ ಚಾವಡಿ ಇರುವುದು ಅಲ್ಲಿ, ದೀಪ ಇಡುವುದು ಅಣ್ಣ.

"ಆಸ್ಪತ್ರೆಯವರು ಮದ್ದು ಕೊಡ್ತಾರೆ, ಹೆದರಿಕೆ ಕೊಡುದು ಯಾರು?" ಎಂದರು. "ಕರ್ಕೊಂಡು ಬಾ. ದೈವದ ಎದುರು ನಿಲ್ಲಿಸುವ."

ನನಗೂ ಸರಿಯೆನಿಸಿತು. ಯಾರ ಒತ್ತಾಯವೂ ಇರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಎಲ್ಲವನ್ನೂ ಅಣ್ಣನ ತಲೆಗೆ ಕಟ್ಟಿ ನಾನು ಜಾರಿಕೊಳ್ಳುವುದಿಲ್ಲ.

ಚಾವಡಿಯಲ್ಲಿ ದೀಪ ಉರಿಯುತ್ತಿತ್ತು. ದೈವದ ಕತ್ತಿಯನ್ನು ಮುಟ್ಟಿಸಿ ಅಣ್ಣ ಒಂದೊಂದೇ ಮಾತನ್ನು ಹೇಳಿಕೊಟ್ಟರು, ಮಗ ಹೇಳಿದ. ಪುಡಿ, ಗಾಂಜಾ, ಕುಡಿತ ಯಾವುದನ್ನೂ ಇನ್ನು ಮುಟ್ಟುವುದಿಲ್ಲ ಎಂದು. ಅಣ್ಣನಿಗೆ ತೃಪ್ತಿಯಾಯಿತು. ನನಗೆ ಆಗಲಿಲ್ಲ.

"ಸಾಲದು," ಎಂದೆ. "ತಪ್ಪಿದರೆ ಎಂತ ಅಂತ ಅದರಲ್ಲಿ ಇಲ್ಲ."

ಅಣ್ಣ ನನ್ನ ಮುಖ ನೋಡಿದರು. ನಾನೇ ಮಗನಿಗೆ ಹೇಳಿಕೊಟ್ಟೆ: "ತಪ್ಪಿದರೆ ಅದರ ಫಲ ನನ್ನ ಅಮ್ಮನ ಮೇಲೆ ಬರಲಿ, ಅಂತ ಹೇಳು."

ಅವನ ಮುಖ ಬಿಳಿಚಿತು. "ಅದು ಬೇಡ ಅಮ್ಮ."

"ತಪ್ಪುದಿಲ್ಲ ಅಂತಾದರೆ ಹೇಳ್ಲಿಕ್ಕೆ ಹೆದರಿಕೆ ಎಂತಕ್ಕೆ?"

ಹೇಳಿದ. ಹೆದರಲಿ, ಹೆದರಿದರೆ ನೆನಪಿರುತ್ತದೆ ಎಂದುಕೊಂಡೆ. ಮಗನಿಗೆ ನನ್ನ ಮೇಲೆ ಪ್ರಾಣ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಅದನ್ನು ಅಡವಿಟ್ಟೆ. ಮನೆಗೆ ಮರಳುವಾಗ ಒಂದು ಗಟ್ಟಿ ಕಾಗದವನ್ನು ಬರೆದು ಮುಗಿಸಿದ ಸಮಾಧಾನ ನನಗೆ.

ನಾಲ್ಕು ತಿಂಗಳು ಎಲ್ಲ ಸರಿಯಿತ್ತು, ಮಗ ಮೊಬೈಲ್ ಅಂಗಡಿಗೂ ಮತ್ತೆ ಹೋಗತೊಡಗಿದ್ದ. ಜೂನಿನಲ್ಲಿ, ಶಿರಿಯದ ನಮ್ಮ ಮನೆಯ ಮುರಕಲ್ಲಿನ ಮೆಟ್ಟಿಲಲ್ಲಿ ಕಾಲು ಜಾರಿ ನಾನು ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಆ ಆರು ವಾರ ಮಗ ನನ್ನನ್ನು ನೋಡಿಕೊಂಡ ರೀತಿಯನ್ನು ಹೇಳಿ ಮುಗಿಸಲಾಗದು. ಗಂಜಿ ಬೇಯಿಸಿದ, ಮೀನು ಕೊಯ್ದ, ನನ್ನ ತಲೆ ಬಾಚಿದ. ನಾನು ಒಂದು ಸಲ ಕೆಮ್ಮಿದರೆ ಓಡಿ ಬರುತ್ತಿದ್ದ. ಮಲಗಿದ್ದರೆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. "ಇಂಥ ಮಗನನ್ನು ಪಡೆಯಲು ಪುಣ್ಯ ಮಾಡಿರಬೇಕು" ಎಂದು ಅಂಗಡಿಗೆ ಬಂದವರ ಹತ್ತಿರ ಕೊಚ್ಚಿಕೊಂಡೆ. ಕೈ ಮುರಿದದ್ದೇ ಒಳ್ಳೆಯದಾಯಿತು, ಮಗ ದಾರಿಗೆ ಬಂದ ಎಂದು ಗಂಡನಿಗೂ ಫೋನಿನಲ್ಲಿ ಹೇಳಿದೆ.

ಸೆಪ್ಟೆಂಬರಿನಲ್ಲಿ ಮೊಬೈಲ್ ಅಂಗಡಿಯವರು ಫೋನ್ ಮಾಡಿದರು. ಹತ್ತು ದಿನಗಳಿಂದ ಅವನು ಕೆಲಸಕ್ಕೆ ಬಂದಿಲ್ಲವಂತೆ. ಕೇಳಿದರೆ ಮಗ ಬಾಯಿ ಬಿಡಲಿಲ್ಲ. ಗದರಿಸಿದೆ, ಅತ್ತೆ, ಅನ್ನ ಬಿಟ್ಟೆ. ಅವನು ಗೋಡೆ ನೋಡಿಕೊಂಡು ಕೂತ. ಆಸ್ಪತ್ರೆಯಲ್ಲಿ ಮೂತ್ರದ ಪರೀಕ್ಷೆ ಮಾಡಿದಾಗ ಪುಡಿ ಗೊತ್ತಾಯಿತು; ಮತ್ತೆ ಶುರುವಾಗಿ ಮೂರು ತಿಂಗಳಾಯಿತೆಂದು ಆಮೇಲೆ ಡಾಕ್ಟರ ಹತ್ತಿರ ಅವನೇ ಒಪ್ಪಿಕೊಂಡ. ಅಂದರೆ ನನಗೆ ಗಂಜಿ ಕುಡಿಸುತ್ತಿದ್ದ ದಿನಗಳಲ್ಲೂ.

ಈ ಸಲ ಡಾಕ್ಟರು ಒಳಗೆ ಇಟ್ಟುಕೊಳ್ಳಲಿಲ್ಲ. ಮನೆಯಲ್ಲಿ ಮಲಗಲಿ, ಹಗಲಿಡೀ ಇಲ್ಲಿಗೆ ಬರಲಿ ಎಂದರು. ವಾರಕ್ಕೆ ಆರು ದಿನ, ಒಂಬತ್ತೂವರೆಯಿಂದ ನಾಲ್ಕರವರೆಗೆ. ಅದನ್ನು ಅಲ್ಲಿ ಡೇ ಕೇರ್ ಎನ್ನುತ್ತಾರೆ. ಮೀಸೆ ಬಂದ ಮಗನನ್ನು ಡೇ ಕೇರಿಗೆ ಬಿಡುವ ಭಾಗ್ಯ ಎಷ್ಟು ತಾಯಂದಿರಿಗೆ ಉಂಟು!

ನಾನು ನಗುತ್ತಿದ್ದೇನೆ, ಆದರೆ ಅಲ್ಲಿನ ಶಿಸ್ತು ನಗುವ ವಿಷಯವಲ್ಲ. ಹೋದ ಕೂಡಲೇ ಫೋನನ್ನು ಪೆಟ್ಟಿಗೆಗೆ ಹಾಕಬೇಕು. ಯಾವ ದಿನ ಎಂದು ಮೊದಲೇ ಹೇಳದೆ ಮೂತ್ರ ಪರೀಕ್ಷೆ ಮಾಡುತ್ತಾರೆ. ಹತ್ತು ಹನ್ನೆರಡು ಮಂದಿ ದುಂಡಗೆ ಕೂತು, ನಿನ್ನೆ ಸಂಜೆ ನಾಲ್ಕರಿಂದ ಇವತ್ತು ಬೆಳಿಗ್ಗೆವರೆಗೆ ಹೇಗೆ ಕಳೆದೆ ಎಂದು ಒಬ್ಬೊಬ್ಬರಾಗಿ ಹೇಳಬೇಕು. ಮಧ್ಯಾಹ್ನ ಬಡಿಸುವ, ಪಾತ್ರೆ ತೊಳೆಯುವ ಸರದಿ. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಮಾತು. ಹೊರಡುವ ಮೊದಲು ಸಂಜೆಯ ಒಂದೊಂದು ಗಂಟೆಗೆ ಏನು ಮಾಡುವುದೆಂದು ಬರೆದು ತೋರಿಸಬೇಕು. ಆ ಕಾಗದ ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟುತ್ತದೆ. ಐದೂವರೆಗೆ ಚಾ. ಆರಕ್ಕೆ ಹಿತ್ತಿಲಿನ ಗಿಡಗಳಿಗೆ ನೀರು. ಏಳಕ್ಕೆ ಅಮ್ಮನ ಜೊತೆ ಅಡಿಗೆ. ಮೊದಲ ಒಂದು ತಿಂಗಳು ಮನೆಯವರು ಯಾರಾದರೂ ಜೊತೆಯಲ್ಲಿ ಬಂದು ಬಿಡಬೇಕು. ಬಸ್ಸಿನಲ್ಲಿ ಅವನ ಪಕ್ಕ ಕೂತು ಹೋಗಿ, ಬಿಟ್ಟು, ಇನ್ನೊಂದು ಬಸ್ಸು ಹಿಡಿದು ಕುಂಬಳೆಗೆ ಬಂದು ನಾನು ಅಂಗಡಿ ತೆರೆಯುವಾಗ ಹತ್ತೂವರೆ. ಬೆಂಚಿನಲ್ಲಿ ಜನ ಕಾಯುತ್ತಿದ್ದರು. "ಎಂತ ಇಷ್ಟು ತಡ?" ಎಂದರೆ, ಅದೇ, ಪಿ.ಎಸ್.ಸಿ.

ಪ್ರತಿ ಶನಿವಾರ ಮನೆಯವರನ್ನೂ ಕೂರಿಸುತ್ತಿದ್ದರು. ಕೂರಿಸುತ್ತಿದ್ದವಳು ಒಬ್ಬ ಕೌನ್ಸಿಲರ್, ಮಲಯಾಳಿ ಹುಡುಗಿ, ನನ್ನ ಮಗನಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು. ಕನ್ನಡವನ್ನು ರೋಗಿಗಳಿಂದಲೇ ಕಲಿತವಳು, ನನ್ನನ್ನು ಮಾತ್ರ ಮಲಯಾಳದಲ್ಲಿ ಚೇಚಿ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದಳು. ಮೊದಲ ಶನಿವಾರ ಇಪ್ಪತ್ತು ನಿಮಿಷ ನಾನೇ ಮಾತಾಡಿದೆ. ಎರಡನೆಯ ಶನಿವಾರ ಅವಳು ನನ್ನ ಕಡೆಗೆ ಕೈ ತೋರಿಸಿ, "ಚೇಚಿ, ಇವತ್ತು ನೀವು ಮಾತಾಡುದು ಬೇಡ. ಅವನು ಹೇಳ್ಲಿ" ಎಂದಳು. ನನಗೆ ಸಿಟ್ಟು ಬಂತು. ಆದರೂ ಬಾಯಿ ಮುಚ್ಚಿದೆ.

"ಮೂರು ತಿಂಗಳು ಅಮ್ಮನಿಗೆ ಯಾಕೆ ಹೇಳ್ಲಿಲ್ಲ?" ಎಂದು ಅವನನ್ನು ಕೇಳಿದಳು.

ಅವನು ನನ್ನನ್ನು ನೋಡದೆ ಹೇಳಿದ: "ಫ್ರೆಂಡ್ ಒಬ್ಬ ಗಲ್ಫಿನಿಂದ ಬಂದಿದ್ದ. ಅವತ್ತು ಒಂದು ಸಲ ತಗೊಂಡೆ. ಕೂಡ್ಲೇ ಹೆದರಿಕೆ ಆಗಿ ಮನೆಗೆ ಓಡಿದೆ. ಅಮ್ಮ ಅಂಗಳದಲ್ಲಿ ಬಟ್ಟೆ ತೆಗಿತಾ ಇದ್ದಳು. ಎಂತ ಆಗಿರ್ಲಿಲ್ಲ. ಎಂಟು ದಿವಸ ಕಳೆದು ಮೆಟ್ಟಿಲಲ್ಲಿ ಬಿದ್ದಳು. ಎಕ್ಸ್‌ರೇ ನೋಡುವಾಗ ಗೊತ್ತಾಯ್ತು, ಮುರಿದದ್ದು ನಾನೇ ಅಂತ."

ಕೌನ್ಸಿಲರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

"ಮತ್ತೆ ಹೇಳುದು ಹೇಗೆ?" ಅವನು ಮುಂದುವರಿಸಿದ. "ಬಾಯಲ್ಲಿ ಹೇಳಿದ್ರೆ ಆಣೆ ತಪ್ಪಿದ್ದು ನಿಜ ಆಗ್ತದೆ. ಹೇಳದಿದ್ರೆ ಅದರ ಫಲ ಕೈಗೇ ನಿಲ್ತದೋ ಎಂತದೋ ಅಂತ. ದಿನಾ ನೋಡ್ತಾ ಇದ್ದೆ. ಉಸಿರು ಉಂಟಾ, ಜ್ವರ ಉಂಟಾ ಅಂತ. ಆ ಹೆದರಿಕೆ ತಡೆಯದೆ ಮತ್ತೆ ತಗೊಂಡೆ. ತಗೊಂಡ ಮೇಲೆ ಇನ್ನೂ ಹೆದರಿಕೆ."

ನನ್ನ ಮಗನ ಆ ಸೇವೆಯೆಲ್ಲ, ಗಂಜಿ, ಬಾಚಣಿಗೆ, ಬಾಗಿಲಲ್ಲಿ ನಿಲ್ಲುವುದು, ತಾನೇ ತಾಯಿಯನ್ನು ಕೊಲ್ಲುತ್ತಿದ್ದೇನೆ ಎಂಬ ಭಯದಲ್ಲಿ ಮಾಡಿದ ಸೇವೆ. ನಾನು ಅದನ್ನು ಊರಿಗೆಲ್ಲ ತೋರಿಸಿ ಮೆರೆದಿದ್ದೆ. ಆ ಕೋಣೆಯಲ್ಲಿ ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಪುಡಿ ಮಾರುವವರ ಮೇಲೂ ಬಂದಿಲ್ಲ. ಕಾಯಿಲೆಯವನ ಕೈಯಿಂದ, ಕಾಯಿಲೆ ಇನ್ನು ಬರುವುದಿಲ್ಲ ಎಂದು ಬರೆಸಿಕೊಂಡವಳು ನಾನು. ಬಂದರೆ ತಾಯಿ ಸಾಯಲಿ ಎಂಬ ಶಿಕ್ಷೆಯನ್ನೂ ಸೇರಿಸಿದವಳು ನಾನು.

ವಿಷಯವೆಲ್ಲ ಬಿಡಿಸಿ ಹೇಳಿದ ಮೇಲೆ ಕೌನ್ಸಿಲರ್ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಇದು ಹೋಗ್ತದೆ, ಬರ್ತದೆ, ಚೇಚಿ. ಮತ್ತೆ ಬರುದೇ ಇಲ್ಲ ಅಂತ ನಾನೂ ಹೇಳುದಿಲ್ಲ. ಬಂದ್ರೆ ಎಷ್ಟು ಬೇಗ ನಿಮ್ಮ ಹತ್ರ ಹೇಳ್ತಾನೆ, ಅದರ ಮೇಲೆ ಅವನ ಜೀವ ಉಂಟು" ಎಂದಳು.

ಅಂದರೆ ನಾನು ಕಟ್ಟಿದ್ದು ಅವನ ಚಟದ ಕೈಯನ್ನಲ್ಲ, ಅವನ ಬಾಯಿಯನ್ನು.

"ನನಗೆ ಎಂತ ಆಗುದಿಲ್ಲ, ಮೆಟ್ಟಿಲಲ್ಲಿ ಪಾಚಿ ಇತ್ತು" ಎಂದು ಮನೆಗೆ ಬಂದು ಹತ್ತು ಸಲ ಹೇಳಿದೆ. ಅವನು ತಲೆಯಾಡಿಸಿದ. ನಂಬಲಿಲ್ಲ. ಚಿಕ್ಕಂದಿನಿಂದ ಅದೇ ಚಾವಡಿಯ ಮುಂದೆ ಕೈಮುಗಿಸಿ ಬೆಳೆಸಿದವಳು ನಾನೇ; ಈಗ ಒಂದು ಶನಿವಾರ ಕುರ್ಚಿಯಲ್ಲಿ ಕೂತು "ಅದೆಲ್ಲ ಏನಿಲ್ಲ" ಎಂದರೆ ಹೇಗೆ ನಂಬುತ್ತಾನೆ? ಕೋರ್ಟಿನಲ್ಲಿ ಕೊಟ್ಟ ಹೇಳಿಕೆಯನ್ನು ಚಾದ ಅಂಗಡಿಯಲ್ಲಿ ಹಿಂದಕ್ಕೆ ಪಡೆಯಲು ಆಗುವುದಿಲ್ಲ.

ಆ ವಾರವೇ ಅಣ್ಣನ ಫೋನ್ ಬಂತು. ನಾವು ತಾಯಿ ಮಗ ದಿನಾ ಆ ಆಸ್ಪತ್ರೆಯ ಗೇಟಿನಲ್ಲಿ ಇಳಿಯುವುದನ್ನು ಯಾರೋ ನೋಡಿ ಹೇಳಿದ್ದರು. ಪಿ.ಎಸ್.ಸಿ. ಕೋಚಿಂಗ್ ಅಷ್ಟಕ್ಕೇ ಮುಗಿಯಿತು.

"ಆಣೆ ತಪ್ಪಿದ್ದಾನೆ ಅಲ್ಲವಾ? ಮಾಡಿದ್ದುಣ್ಣೋ ಮಹಾರಾಯ," ಎಂದರು ಅಣ್ಣ. "ಸಂಕ್ರಮಣಕ್ಕೆ ಕರ್ಕೊಂಡು ಬಾ. ತಪ್ಪು ಕಾಣಿಕೆ ಇಟ್ಟು ಹೊಸತಾಗಿ ಆಣೆ ಹಾಕಿಸುವ, ಈ ಸಲ ಇನ್ನೂ ಗಟ್ಟಿ. ಮತ್ತೆ ಅವನನ್ನು ದುಬೈಗೆ ಕಳಿಸುವ, ನನ್ನ ಭಾವನ ಅಂಗಡಿ ಉಂಟು. ಆ ಆಸ್ಪತ್ರೆ ತಿರುಗಾಟ ನಿಲ್ಲಿಸು. ನನ್ನ ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ, ಗೊತ್ತುಂಟಲ್ಲ?"

ಸ್ಪೀಕರಿನಲ್ಲಿ ಮಗನೂ ಕೇಳಿಸಿಕೊಂಡ. ಫೋನ್ ಇಟ್ಟ ಮೇಲೆ ಅವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಒಂದು ಗೆಲುವು ಕಾಣಿಸಿತು. "ಹೋಗುವ ಅಮ್ಮ. ಹೊಸ ಆಣೆ ಹಾಕಿದ್ರೆ ಹಳೇದು ಹೋಗ್ತದೆ. ನಿನಗೆ ಎಂತ ಆಗುದಿಲ್ಲ."

ನನ್ನನ್ನು ಉಳಿಸಲು ಅವನು ಚಿಕಿತ್ಸೆ ಬಿಡಲು ತಯಾರಿದ್ದ, ದುಬೈಗೆ ಹೋಗಲೂ ತಯಾರಿದ್ದ. ಅಲ್ಲಿ ಯಾವುದೋ ಕೋಣೆಯಲ್ಲಿ ಎಂಟು ಜನರ ನಡುವೆ ಮಲಗಿ, ಇನ್ನೂ ಗಟ್ಟಿಯಾದ ಆಣೆಯನ್ನು ಕುತ್ತಿಗೆಗೆ ಕಟ್ಟಿಕೊಂಡು, ಮತ್ತೆ ಒಂದು ದಿನ ತಪ್ಪಿ, ಯಾರಿಗೂ ಹೇಳದೆ ಸತ್ತೇಹೋಗುವ ನನ್ನ ಮಗ ನನಗೆ ಕಣ್ಣೆದುರು ಕಂಡ. ನೆಗಡಿ ಬಂದರೆ ಮೂಗು ಕೊಯ್ಯುವ ಬುದ್ಧಿ ಅಂದರೆ ಇದೇ. ಸಂಕ್ರಮಣದವರೆಗೆ ನಾನು ಕಾಯಲಿಲ್ಲ. ಅದು ವಾರದ ನಡುವೆ ಬರುತ್ತಿತ್ತು, ಡೇ ಕೇರ್ ಒಂದು ದಿನವೂ ತಪ್ಪಬಾರದು. ಭಾನುವಾರವೇ ಮಗನನ್ನು ಕರೆದುಕೊಂಡು ಹೊರಟೆ.

ಉಪ್ಪಳದಲ್ಲಿ ಬಸ್ಸು ಬದಲಿಸಿ ಮೀಂಜದ ಕಡೆಗೆ ಹೋಗುವಾಗ ಮನಸ್ಸಿನಲ್ಲೇ ಮಾತುಗಳನ್ನು ಜೋಡಿಸುತ್ತಿದ್ದೆ, ಅಭ್ಯಾಸಬಲ. ಹೆಸರು, ಮನೆ, ಅರಿಕೆ. ಎಲ್ಲ ಸರಿಯಾಗಿ ಕೂತಿತು. ಕೊನೆಗೆ "ತಪ್ಪಿಗೆ ಶಿಕ್ಷೆ ಏನಿದ್ದರೂ ನನಗೇ ಇರಲಿ" ಎಂದು ಸೇರಿಸಿದೆ. ಸೇರಿಸಿದ ಮರುಕ್ಷಣ ಬೆವರಿಬಿಟ್ಟೆ. ಮತ್ತೆ ಅದೇ ಸಾಲು! ಮಗ ಯಾವುದಕ್ಕೆ ಹೆದರಿ ಸಾಯುತ್ತಿದ್ದನೋ ಅದನ್ನೇ ಇನ್ನೊಮ್ಮೆ ಬರೆಯಲು ಹೊರಟಿದ್ದೆ. ಕೈಗೆ ಹಿಡಿದ ಚಾಳಿ ಬಿಡುವುದು ಎಷ್ಟು ಕಷ್ಟವೆಂದು, ನನ್ನ ಪಕ್ಕ ಕಿಟಕಿಗೆ ತಲೆಯಿಟ್ಟು ಕೂತಿದ್ದವನನ್ನು ನೋಡಿ, ನನಗೆ ಆಗ ಸ್ವಲ್ಪ ಅರ್ಥವಾಯಿತು.

ನಾವು ಬಂದದ್ದನ್ನು ನೋಡಿ ಅಣ್ಣನಿಗೆ ಖುಷಿಯಾಯಿತು. ತಂಗಿ ಬಗ್ಗಿದಳು ಎಂದುಕೊಂಡರು. ಕಾಲು ತೊಳೆದು ಚಾವಡಿಗೆ ಬಂದು ದೀಪ ಹಚ್ಚಿದರು. ಕತ್ತಿಯನ್ನು ತೆಗೆಯಲು ಹೊರಟಾಗ ನಾನು, "ಕತ್ತಿ ಬೇಡ. ಮಾತಾಡ್ಲಿಕ್ಕಿರುದು ನನಗೆ" ಎಂದೆ. ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೈಮುಗಿದು, ಗಟ್ಟಿಯಾಗಿ ಹೇಳಿದೆ. ಅವತ್ತು ಹೇಳಿಸಿದ್ದೂ ಗಟ್ಟಿಯಾಗಿಯೇ ಅಲ್ಲವೇ?

"ನಾನು ಈ ಮನೆಯ ಮಗಳು. ಎಂಟು ತಿಂಗಳ ಹಿಂದೆ ಇಲ್ಲೇ ನಿಂತು ಇವನ ಬಾಯಲ್ಲಿ ಒಂದು ಮಾತು ಹೇಳಿಸಿದ್ದೇನೆ. ಅದು ಇವನ ಮಾತಲ್ಲ, ನನ್ನದು. ಬೇಡ ಅಮ್ಮ ಅಂತ ಇವನು ಹೇಳಿದ್ದನ್ನು ನೀವೂ ಕೇಳಿದ್ದೀರಿ. ಆ ಮಾತನ್ನು ಇವತ್ತು ನಾನು ಹಿಂದೆ ತಗೊಳ್ತೇನೆ. ಇವನಿಗೆ ಇರುದು ಕಾಯಿಲೆ. ಕಾಯಿಲೆಗೆ ಮದ್ದು ಮಾಡಿಸ್ತಾ ಇದ್ದೇನೆ. ನನ್ನ ಕೈ ಮುರಿದದ್ದು ಪಾಚಿಯಿಂದ, ಮಳೆಗಾಲದಲ್ಲಿ ಮೆಟ್ಟಿಲು ಉಜ್ಜದೆ ಬಿಟ್ಟವಳು ನಾನು. ತಾಯಿಯ ಜೀವ ತೆಗೆದು ಮಗನಿಗೆ ಬುದ್ಧಿ ಕಲಿಸುವ ದೈವ ನೀವಲ್ಲ. ಅಂಥ ದೈವ ಆಗಿದ್ರೆ ಇಷ್ಟು ತಲೆಮಾರಿನ ಹೆಂಗಸರು ಈ ಮನೆಯಲ್ಲಿ ನಿಮಗೆ ದೀಪದ ಎಣ್ಣೆ ಹೊಂದಿಸ್ತಿರ್ಲಿಲ್ಲ. ಇಷ್ಟೇ ನನ್ನ ಅರಿಕೆ."

ಇಷ್ಟೇ ಎಂದಲ್ಲಿಗೆ ನಿಲ್ಲಿಸಿದೆ. ಕೊನೆಯ ಸಾಲು ಇಲ್ಲದೆ. ದೀಪ ಮೊದಲಿನ ಹಾಗೆಯೇ ಉರಿಯುತ್ತಿತ್ತು.

ಅಣ್ಣನ ಮುಖ ಕೆಂಪಾಗಿತ್ತು. "ದೈವಕ್ಕೆ ಷರತ್ತು ಹಾಕ್ತೀಯಾ?"

"ಷರತ್ತು ಹಾಕಿದ್ದು ಅವತ್ತು, ಅಣ್ಣ. ಇವತ್ತು ತೆಗೆದದ್ದು."

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ಮನೆ ಹೇಳಿದ್ದಲ್ಲ."

"ಮುದ್ದೇ. ಎಂತ ಈಗ?"

"ನಿನ್ನ ಮಗನ ಸುದ್ದಿಯಿಂದ ನನ್ನ ಮಗಳ ಸಂಬಂಧ ತಪ್ಪಿದ್ರೆ?"

"ಮನೆಯಲ್ಲಿ ಒಬ್ಬ ಕಾಯಿಲೆಯವ ಇದ್ದಾನೆ ಅಂತ ಓಡುವವರಾದ್ರೆ ಈಗಲೇ ಓಡ್ಲಿ. ಮದುವೆ ಆದ ಮೇಲೆ ಓಡುದಕ್ಕಿಂತ ಅದೇ ಒಳ್ಳೇದು. ನೀವು ನನ್ನ ಮೇಲೆ ಸಿಟ್ಟು ಮಾಡಿ, ನಾನು ಬೇಡ ಹೇಳುದಿಲ್ಲ. ಆದ್ರೆ ಇವನು ದುಬೈಗೆ ಹೋಗುದಿಲ್ಲ. ನಾಳೆ ಎಂಟೂ ಮುಕ್ಕಾಲಿಗೆ ಕಾಸರಗೋಡಿಗೆ ಹೋಗ್ತಾನೆ."

ಅಣ್ಣ ನಮಗೆ ಪ್ರಸಾದ ಕೊಡಲಿಲ್ಲ. ತರವಾಡಿನಿಂದ ಪ್ರಸಾದವಿಲ್ಲದೆ ಇಳಿದದ್ದು ನನ್ನ ಜನ್ಮದಲ್ಲೇ ಮೊದಲು. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೇಟಿನವರೆಗೂ ಕಣ್ಣು ಮಂಜಾಗಿತ್ತು. ಅತ್ತಿಗೆ ಹಿಂದಿನಿಂದ ಬಂದು ಒಂದು ಕಟ್ಟು ಬಸಳೆ ಕೈಗಿಟ್ಟು ಒಳಗೆ ಹೋದರು.

ಬಸ್ಸಿನಲ್ಲಿ ಮಗ ಕೇಳಿದ: "ಅಷ್ಟೇಯಾ ಅಮ್ಮ? ಅಷ್ಟರಲ್ಲಿ ಹೋಗ್ತದಾ ಅದು?"

"ಹೋಗದಿದ್ರೆ ಮುಂದಿನ ಆದಿತ್ಯವಾರ ಪುನಃ ಬಂದು ಹೇಳುವ ಮಾರಾಯ. ನನಗೆ ಎಂತ ಕಷ್ಟ?"

ಅವನು ನಕ್ಕ. ಪೂರ್ತಿ ನಂಬಿದ ಎಂದಲ್ಲ. ಹೆದರಿಕೆಯೂ ಚಟದ ಹಾಗೆಯೇ, ಒಂದೇ ದಿನದಲ್ಲಿ ಇಳಿಯುವುದಿಲ್ಲ. ಆದರೂ ನಕ್ಕ.

"ಜನ ಕೇಳಿದ್ರೆ ಇನ್ನು ನಿಜ ಹೇಳ್ಲಾ?" ಎಂದು ಕೇಳಿದೆ. ಅವನ ವಿಷಯ, ಅವನನ್ನು ಕೇಳದೆ ಹೇಳುವ ಹಕ್ಕು ನನಗಿಲ್ಲ ಎಂದು ಅಷ್ಟು ಹೊತ್ತಿಗೆ ಕಲಿತಿದ್ದೆ. "ಹೇಳು. ಆ ಪಿ.ಎಸ್.ಸಿ. ರ್‍ಯಾಂಕ್ ಲಿಸ್ಟ್ ಕೇಳುವವರಿಗೆ ಉತ್ತರ ಕೊಟ್ಟು ಸಾಕಾಯ್ತು" ಎಂದ.

ಮಾರನೆಯ ದಿನದಿಂದ ಹೇಳಿದೆ. "ಚಟ ಬಿಡಿಸುವ ಚಿಕಿತ್ಸೆಗೆ ಹೋಗ್ತಾನೆ." ಕೇಳಿದವರಲ್ಲಿ ಕೆಲವರು ತಟ್ಟನೆ ಆಕಾಶ ನೋಡಿದರು. ಒಬ್ಬರು "ಅಯ್ಯೋ ಪಾಪ, ಮದುವೆ ಮಾಡಿಸಿ, ಸರಿಹೋಗ್ತಾನೆ" ಎಂದರು. "ಯಾರ ಮಗಳನ್ನು ಮದ್ದಿಗೆ ಕೊಡ್ತೀರಿ?" ಎಂದು ಕೇಳಿದೆ. ನನ್ನ ಬೆನ್ನ ಹಿಂದೆ ಬೇಕಾದಷ್ಟು ಮಾತಾಡಿದರು, ಗೊತ್ತು. ಊರ ಬಾಯಿಗೆ ಮುಚ್ಚಳ ಮಾಡುವ ಕುಂಬಾರ ಇನ್ನೂ ಹುಟ್ಟಿಲ್ಲ. ಅದೇ ವಾರ ಒಬ್ಬ ಹೆಂಗಸು ಬೆಂಚು ಖಾಲಿಯಾಗುವವರೆಗೆ ಕಾದು, ಆ ಆಸ್ಪತ್ರೆಗೆ ಸೇರಿಸುವುದು ಹೇಗೆ ಎಂದು ಮೆಲ್ಲಗೆ ಕೇಳಿದಳು. ಅವಳ ಪಕ್ಕದ ಮನೆಯ ಹುಡುಗನಿಗಂತೆ. ನಾನು ಎಲ್ಲ ಬರೆದುಕೊಟ್ಟೆ, ಯಾವ ಪಕ್ಕದ ಮನೆ ಎಂದು ಕೇಳಲಿಲ್ಲ.

ತಿಂಗಳು ಕಳೆದ ಮೇಲೆ ಅವನು ಒಬ್ಬನೇ ಹೋಗತೊಡಗಿದ. ಒಟ್ಟಿಗೆ ಬಸ್ಸು ಹತ್ತಿ ನಾನು ಕುಂಬಳೆಯಲ್ಲಿ ಇಳಿಯುತ್ತಿದ್ದೆ, ಅವನು ಮುಂದೆ ಹೋಗುತ್ತಿದ್ದ. ಅಣ್ಣನ ಫೋನ್ ಬರಲಿಲ್ಲ. ಶನಿವಾರಗಳಲ್ಲಿ ನಾನು ಕಡಿಮೆ ಮಾತಾಡಲು ಕಲಿತೆ. ಕೌನ್ಸಿಲರ್ ಹುಡುಗಿ ಒಮ್ಮೆ ಅದಕ್ಕಾಗಿ ನನ್ನನ್ನು ಹೊಗಳಿದಳು ಕೂಡ.

ಆರನೆಯ ವಾರದ ಗುರುವಾರ. ಮಧ್ಯಾಹ್ನ ಹನ್ನೆರಡೂವರೆ. ಪಿಂಚಣಿಯವರ ಮಸ್ಟರಿಂಗ್ ನಡೆಯುತ್ತಿತ್ತು. ಪಿಂಚಣಿ ಪಡೆಯುವ ಮುದುಕರು ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಬೆರಳ ಗುರುತು ಕೊಟ್ಟು ತೋರಿಸಬೇಕು. ಎರಡೂ ಬೆಂಚು ತುಂಬಿತ್ತು. ಒಬ್ಬ ಅಜ್ಜಿಯ ಬೆರಳು ಯಂತ್ರಕ್ಕೆ ಹಿಡಿಯುತ್ತಲೇ ಇರಲಿಲ್ಲ, ನಾನು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಇಡಿಸುತ್ತಿದ್ದೆ. ತಲೆಯೆತ್ತಿದರೆ ಬಾಗಿಲಲ್ಲಿ ಮಗ. ಕಾಸರಗೋಡಿನಲ್ಲಿ ಇರಬೇಕಾದವನು.

"ಅಮ್ಮ," ಎಂದ. ಎಲ್ಲರೂ ತಿರುಗಿದರು. ಅವನು ಯಾರನ್ನೂ ಲೆಕ್ಕಿಸಲಿಲ್ಲ. "ಬೆಳಿಗ್ಗೆ ಮೊಗ್ರಾಲಿನಲ್ಲಿ ಬಸ್ಸಿಳಿದೆ. ತಗೊಂಡೆ."

ಕೆನ್ನೆಗೆ ಎರಡು ಬಾರಿಸಬೇಕು ಎನಿಸಿತು, ಮೇಜಿನ ಮೇಲೆ ತಲೆಯಿಟ್ಟು ಅಳಬೇಕು ಎನಿಸಿತು. ಆರು ವಾರ, ಅಷ್ಟೊಂದು ಬಸ್ಸು, ಅಷ್ಟೊಂದು ಕಾಗದ ಫ್ರಿಜ್ಜಿನ ಮೇಲೆ! ಆಗ ಅವನ ಕಣ್ಣು ನೋಡಿದೆ. ಅದು ನನ್ನ ಮುಖದಲ್ಲಿ ನಿಲ್ಲುತ್ತಿರಲಿಲ್ಲ. ತಲೆಯಿಂದ ಕೈಗೆ, ಕೈಯಿಂದ ಕಾಲಿಗೆ ಓಡುತ್ತಿತ್ತು. ಮೊಗ್ರಾಲಿನಿಂದ ಇಲ್ಲಿಯವರೆಗೆ ಅವನು ಏನನ್ನು ನೆನೆದು ನಡುಗುತ್ತ ಬಂದಿದ್ದಾನೆಂದು ನನಗೆ ತಿಳಿಯಿತು. ಹಾಗೆ ನಡುಗುತ್ತಲೇ ಬಾಯಿಬಿಟ್ಟು ಹೇಳಿದ್ದ.

ನಾನು ಕುರ್ಚಿಯಿಂದ ಎದ್ದು ಮೇಜು ಬಳಸಿ ಅವನ ಎದುರಿಗೆ ಬಂದು ನಿಂತೆ.

"ನೋಡು. ಸರಿಯಾಗಿ ನೋಡು," ಎಂದು ಎರಡೂ ಕೈ ಚಾಚಿದೆ. "ಎಂತಾದ್ರೂ ಆಗಿದೆಯಾ ನನಗೆ?"

ಅವನು ನನ್ನ ಮಣಿಕಟ್ಟನ್ನು ಹಿಡಿದು ನೋಡಿದ. ಇಲ್ಲ ಎಂದು ತಲೆಯಾಡಿಸಿದ. ಆಮೇಲೆ ಅಲ್ಲೇ, ಅಷ್ಟು ಜನರ ಮುಂದೆ, ಸಣ್ಣ ಮಗುವಿನ ಹಾಗೆ ಅತ್ತ.

"ಈಗ ಆಸ್ಪತ್ರೆಗೆ ಫೋನ್ ಮಾಡು. ಇಲ್ಲೇ ಮಾಡು. ನನಗೆ ಹೇಳಿದ್ದನ್ನೇ ಹೇಳು. ನಾಳೆ ಬರ್ತೇನೆ ಅಂತಲೂ ಹೇಳು."

ಬೆರಳು ಹಿಡಿಯದ ಅಜ್ಜಿ ಬೆಂಚಿನಲ್ಲಿ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟರು. ಅವನು ಕೂತು, ಮೂಗೊರೆಸಿಕೊಂಡು ಫೋನ್ ಮಾಡಿದ. ಎಲ್ಲರಿಗೂ ಕೇಳಿಸಿತು. ಕೇಳಿಸಲಿ.

ಹಿಂದಿನ ಸಲ ಇದು ನನಗೆ ಗೊತ್ತಾಗಲು ಮೂರು ತಿಂಗಳು ಹಿಡಿದಿತ್ತು, ಅದೂ ಮೂತ್ರದ ಬಾಟಲಿಯಿಂದ. ಈ ಸಲ ಮೂರೂವರೆ ಗಂಟೆ, ಅವನ ಬಾಯಿಂದ. ಇದನ್ನು ಸೋಲು ಎನ್ನುವವರಿದ್ದರೆ ನನ್ನ ಅಂಗಡಿಗೆ ಬಂದು, ನನ್ನ ಮುಖ ನೋಡಿ ಹೇಳಲಿ.